ಮಡೆಗೆ ಕಟ್ಟಿದ ಹೊಂಗೆಸೊಪ್ಪು

"ಯಾರ್ರೀ ಅದು! ಯಾರನ್ನ ಕೇಳಿ ನೀರಿಗಿಳಿದಿದ್ದು?"

ಕೋಡಿಬಂಡೆಯ ಮೇಲೆ ನಿಂತು ರತ್ನ ಕೂಗಿದ ರಭಸಕ್ಕೆ ಏರಿಯ ಮೇಲಿದ್ದ ಕೊಕ್ಕರೆಗಳು ಎದ್ದು ಹಾರಿಹೋದವು. ಸೊಂಟದುದ್ದ ನೀರಿನಲ್ಲಿ ನಿಂತಿದ್ದವನು ಮಾತ್ರ ಅವಸರವಿಲ್ಲದೆ ತಿರುಗಿದ. ನಡುವಿಗೆ ಹಗ್ಗ ಕಟ್ಟಿಕೊಂಡಿದ್ದ. ಕೈಯಲ್ಲಿ ಅಡಿ, ಅಂಗುಲ ಗೀರಿದ ಬಿದಿರಿನ ಗಳ. ಮುಖದ ತುಂಬ ನೀರು, ಅದರ ಮೇಲೊಂದು ನಗು ಬೇರೆ!

"ಯಾಕಮ್ಮಾ, ಈ ನೀರು ನಿಮ್ಮಪ್ಪಂದಾ?"

"ಹೌದು, ನಮ್ಮಪ್ಪಂದೇ! ಏನೀಗ?"

ಅವನ ನಗು ನಿಂತುಹೋಯಿತು.

ರತ್ನ ಸುಳ್ಳು ಹೇಳಿರಲಿಲ್ಲ. ಶಾಲೆಯ ರಿಜಿಸ್ಟರಿನಲ್ಲಿ ಅವಳ ಹೆಸರು ವೆಂಕಟರತ್ನಮ್ಮ, ಗುಂಡ್ಲಪಾಳ್ಯದ ನೀರುಗಂಟಿ ಕದಿರಪ್ಪನ ಒಬ್ಬಳೇ ಮಗಳು. ಮುಳಬಾಗಿಲಿನಿಂದ ಆಂಧ್ರದ ಗಡಿಯ ಕಡೆ ಹೋಗುವ ದಾರಿಯಲ್ಲಿದ್ದ ಆ ಊರಿನಲ್ಲಿ ಕೆರೆಯ ನೀರು ಯಾವ ಗದ್ದೆಗೆ, ಯಾವಾಗ, ಎಷ್ಟು ಎಂದು ಹೇಳುವ ಹಕ್ಕು ನಾಲ್ಕು ತಲೆಮಾರಿನಿಂದ ಅವಳ ಮನೆಯದು. ಪಟೇಲರೇ ಆದರೂ ನೀರುಗಂಟಿಯ ಮಾತಿಲ್ಲದೆ ಒಂದು ಹಿಡಿ ಮಣ್ಣನ್ನು ಕಾಲುವೆಯಿಂದ ತೆಗೆಯುವಂತಿರಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿಯ ಕಾರ್ತಿಕ ಅದು. ಹನ್ನೊಂದು ವರ್ಷದ ಮೇಲೆ ದೊಡ್ಡ ಕೆರೆ ಕೋಡಿ ಬಿದ್ದಿತ್ತು. ಕೋಡಿಯ ನೀರು ಬಂಡೆಯಿಂದ ಬಂಡೆಗೆ ಹಾರುತ್ತಾ, ನೊರೆಯೇಳುತ್ತಾ, ನಾಲ್ಕು ಮೈಲಿ ಕೆಳಗಿನ ಮರವಪಲ್ಲಿ ಕೆರೆಯವರೆಗೆ ಹಳ್ಳದ ತುಂಬ ಓಡುತ್ತಿತ್ತು. ಊರಿಗೆ ಊರೇ ಸಂತೋಷದಲ್ಲಿತ್ತು. ರತ್ನ ಒಬ್ಬಳಿಗೆ ನಿದ್ದೆಯಿಲ್ಲ. ಅಪ್ಪ ಏರಿಯ ಮೆಟ್ಟಿಲಲ್ಲಿ ಜಾರಿ ಮೊಣಕಾಲು ಊದಿಸಿಕೊಂಡು ಮಲಗಿದ್ದ. ಇಂಥ ಹೊತ್ತಿನಲ್ಲಿ ನೀರಿಗೆ ಏನಾದರೂ ಆದರೆ?

"ನನ್ನ ಹೆಸರು ಕೋದಂಡರಾಮ," ಎಂದ ಅವನು ದಡಕ್ಕೆ ಬಂದು. "ಮಾಲೂರು ಕಡೆ ಲಕ್ಕೂರು. ಮಿಲಿಟರೀಲಿ ಸೇತುವೆ ಕಟ್ಟೋ ದಳದಲ್ಲಿದ್ದೆ. ಈಗ ರಬ್ಬರ್ ದೋಣೀಲಿ ಜನಾನ ಸುತ್ತಾಡಿಸ್ತೀನಿ. ಭಾನುವಾರ ಕೋಲಾರದಿಂದ ಆರು ಜನ ಬರ್ತಾರೆ. ಬೆಳಿಗ್ಗೆ ಇಲ್ಲಿ ದೋಣಿ ಹತ್ತಿದ್ರೆ ಮಧ್ಯಾಹ್ನ ಮರವಪಲ್ಲೀಲಿ ಊಟ."

"ಈ ನೊರೇಲಾ? ದೋಣಿಯಾ? ಸುಮ್ಮಸುಮ್ಮನೆ?"

"ಸುಮ್ಮಸುಮ್ಮನೆ. ಖುಷಿಗೆ."

ಖುಷಿಗೆ ಯಾರಾದರೂ ಈ ನೀರಿಗಿಳಿಯುತ್ತಾರೆಯೇ? ಇದರಲ್ಲಿ ಏನೋ ಇದೆ ಎಂದುಕೊಂಡಳು ರತ್ನ. ಬೆಳ್ಳಗಿರುವುದೆಲ್ಲ ಹಾಲಲ್ಲ. ಅದರಲ್ಲೂ ಇಷ್ಟು ಚೆನ್ನಾಗಿ ನಗುವವರನ್ನು ನಂಬಲೇಬಾರದು.

ಅಂದು ಮಧ್ಯಾಹ್ನವೇ ಅವನು ಮನೆಗೆ ಬಂದ. ಕದಿರಪ್ಪನ ಕಾಲಿನ ಬಳಿ ನೆಲದ ಮೇಲೆ ಕುಳಿತು, "ಹಿರಿಯರು ನೀವು, ಒಪ್ಪಿಗೆ ಕೊಟ್ರೆ ಮಾತ್ರ ದೋಣಿ ಇಳಿಸ್ತೀನಿ," ಎಂದ. ಕದಿರಪ್ಪ ಕರಗಿಹೋದ. ಎಲ್ಲಿ ಸುಳಿ, ಎಲ್ಲಿ ಮುಳುಗುಬಂಡೆ ಎಂದು ಒಂದು ಗಂಟೆ ಹೇಳಿದ.

ರತ್ನ ಮಜ್ಜಿಗೆ ತಂದು ಕುಕ್ಕಿದಳು. ಆಗ ಅವನು ಹೇಳಿದ ಒಂದು ಮಾತು ಅವಳ ಕಿವಿಯಲ್ಲಿ ಉಳಿದುಕೊಂಡಿತು.

"ಹುಣಸೇಮರದ ತಿರುವಲ್ಲಿ ಇನ್ನೊಂದು ಗೇಣು ನೀರಿದ್ದಿದ್ರೆ... ದೋಣಿ ಹಾರ್ಕೊಂಡು ಹೋಗೋದು ನೋಡಿ!"

ಓಹೋ... ಇನ್ನೊಂದು ಗೇಣು ಬೇಕಾ ನಿನಗೆ?

ಮಾರನೆಯ ದಿನ, ಶನಿವಾರ ಬೆಳಿಗ್ಗೆ, ಹಳ್ಳದ ದಡದಲ್ಲಿ ತೋಟ ಮಾಡಿಕೊಂಡಿದ್ದ ಕದಿರಮ್ಮ ಎದೆ ಬಡಿದುಕೊಂಡು ಬಂದಳು. ಹುಣಸೇಮರದ ಪಕ್ಕದಲ್ಲಿದ್ದ, ಸಣ್ಣ ಕೆರೆಯಂಥ ಕುಂಟೆಯ ಮಡೆಯನ್ನು, ಎಂದರೆ ಕಲ್ಲುಮಣ್ಣು ತುಂಬಿ ಮುಚ್ಚಿದ್ದ ಬಾಯನ್ನು, ಯಾರೋ ತೆಗೆದುಬಿಟ್ಟಿದ್ದರು. ಇಡೀ ಕುಂಟೆಯ ನೀರು ಕದಿರಮ್ಮನ ತೋಟದ ಮೇಲೆ ನುಗ್ಗಿ ಹಳ್ಳ ಸೇರಿತ್ತು. ಹೊಸದಾಗಿ ನೆಟ್ಟಿದ್ದ ಹಿಪ್ಪುನೇರಳೆ ಕಡ್ಡಿಗಳಲ್ಲಿ ಒಂದೂ ಉಳಿದಿರಲಿಲ್ಲ.

ರತ್ನ ಓಡಿದಳು. ಕುಂಟೆಯ ಕಟ್ಟೆಯ ಮೇಲೆ ನಿಂತು ನೋಡಿದರೆ ಬರೀ ಕೆಸರು. ಆಚೆ ಹಳ್ಳದಲ್ಲಿ ಮಾತ್ರ ನೀರು ನಿನ್ನೆಗಿಂತ ಏರಿತ್ತು. ಎಷ್ಟು? ಸರಿಯಾಗಿ ಒಂದು ಗೇಣು!

ಅವಳ ಮೈಯೆಲ್ಲ ಉರಿದುಹೋಯಿತು.

ಅರಳಿಕಟ್ಟೆಯ ಬಳಿ ಜನ ಸೇರಿದರು. ಪಟೇಲ ದೊಡ್ಡಮುನಿಯಪ್ಪ ಮೀಸೆ ತಿರುವುತ್ತಾ ಕುಳಿತಿದ್ದರು. ಕದಿರಪ್ಪ ನೀರುಗಂಟಿಯ ಅಧಿಕಾರದ ಗುರುತಾದ ಉದ್ದನೆಯ ಕೋಲನ್ನೇ ಊರಿಕೊಂಡು, ಕುಂಟುತ್ತಾ ಬಂದು ನಿಂತ. ರತ್ನ ಎಲ್ಲರೆದುರು ಕೋದಂಡನತ್ತ ಬೆರಳು ತೋರಿಸಿದಳು.

"ಇವರೇ! ಇವರೇ ತೆಗೆದಿದ್ದು! ಒಂದು ಗೇಣು ನೀರು ಬೇಕು ಅಂದಿದ್ದನ್ನ ನನ್ನ ಕಿವಿಯಾರೆ ಕೇಳಿದೀನಿ. ಬರೋ ಜನಕ್ಕೆ ಮೋಜು ತೋರ್ಸೋಕೆ ಬಡವರ ತೋಟ ಮುಳುಗಿಸಿದ್ದಾರೆ. ಇಲ್ಲ ಅನ್ನಲಿ ನೋಡೋಣ!"

ಕೋದಂಡ ಬಾಯಿ ತೆರೆದ. ಏನೋ ಹೇಳಹೊರಟವನು ಪಕ್ಕದಲ್ಲಿ ನಿಂತಿದ್ದ ಕದಿರಪ್ಪನ ಮುಖ ನೋಡಿದ. ಊದಿಕೊಂಡ ಅವನ ಕಾಲು ನೋಡಿದ. ಆಮೇಲೆ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದ.

"ಏಮಯ್ಯಾ, ಮಾತಾಡು," ಎಂದರು ದೊಡ್ಡಮುನಿಯಪ್ಪ.

"ನಾನು ಹೇಳೋದೇನೂ ಇಲ್ಲ, ಗೌಡ್ರೇ."

ನೋಡಿದಿರಾ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರುಂಟು, ಇವನು ತಲೆಯನ್ನೇ ತಗ್ಗಿಸಿದನಲ್ಲ! ರತ್ನಳಿಗೆ ಗೆದ್ದ ಹಾಗಾಗಬೇಕಿತ್ತು. ಆದರೆ ಎದೆಯಲ್ಲಿ ಏನೋ ಚುಚ್ಚಿತು. ಇಲ್ಲ ಎಂದು ಒಂದು ಮಾತು ಅನ್ನಬಾರದಿತ್ತೇ ಇವನು? ಛೇ, ನನಗ್ಯಾಕೆ ಅದೆಲ್ಲ...

ದೊಡ್ಡಮುನಿಯಪ್ಪ ತೀರ್ಮಾನವನ್ನು ಮುಂದಕ್ಕೆ ಹಾಕಿದರು. "ಕೋಲಾರದ ಜನಕ್ಕೆ ಕಾಗದ ಹೋಗಿದೆ, ಅವರು ಬರ್ತಾರೆ. ಬಂದೋರನ್ನ ವಾಪಸ್ ಕಳಿಸೋದು ಊರಿಗೆ ಮರ್ಯಾದೆಯಲ್ಲ. ನಾಳೆ ದೋಣಿ ಹೋಗಲಿ, ಆದ್ರೆ ನೀರುಗಂಟಿ ಮನೆಯೋರು ಒಬ್ರು ಕೋಲು ಹಿಡ್ಕೊಂಡು ಅದ್ರಲ್ಲಿ ಕೂತ್ಕೋಬೇಕು. ಸಂಜೆ ಮರವಪಲ್ಲಿ ಕಟ್ಟೇಲಿ ಪಂಚಾಯ್ತಿ." ಆಮೇಲೆ ಕದಿರಪ್ಪನ ಕಡೆ ತಿರುಗಿದರು. "ಇವನು ಮಾಡಿದ್ದು ಅಂತ ಗಟ್ಟಿಯಾಗದೆ ಹೋದ್ರೆ, ಮಡೆ ಕಾಯದೇ ಇದ್ದ ತಪ್ಪು ನಿಂದೇ ಆಗ್ತದೆ ಕದಿರಪ್ಪಾ. ಆಗ ಕೋಲು ಬೇರೆಯವರಿಗೆ ಕೊಡಬೇಕಾಗ್ತದೆ."

ನಾಲ್ಕು ತಲೆಮಾರಿನ ಕೋಲು! ಅಪ್ಪ ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡದ್ದನ್ನು ರತ್ನ ನೋಡಿದಳು.

'ನಾಳೆ ದೋಣಿಯಲ್ಲಿ ನಾನೇ ಕೂರುತ್ತೇನೆ. ಇವನ ಬಾಯಿಂದಲೇ ನಿಜ ಹೊರಡಿಸುತ್ತೇನೆ,' ಎಂದು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಕೋಲಾರದ ವ್ಯಾನು ಬಂತು. ಆರು ಜನರಲ್ಲಿ ಎಲ್ಲರಿಗಿಂತ ಮೊದಲು ಇಳಿದವರು ಅಖ್ತರ್ ಬಾನು ಟೀಚರ್. ಅವರ ಹಿಂದೆ, ಇಳಿಯಲೋ ಬೇಡವೋ ಎಂದು ಯೋಚಿಸುತ್ತಾ ಅವರ ಗಂಡ, ಗಡಿಯಾರ ರಿಪೇರಿಯ ಓಬೇದುಲ್ಲಾ.

"ನನಗೆ ಈಜು ಬರಲ್ಲ ಬೇಗಂ," ಎಂದರು ಓಬೇದುಲ್ಲಾ.

"ನನಗೆ ಬರ್ತದಾ? ಬನ್ನಿ ಸುಮ್ನೆ!"

ಕೋದಂಡ ಎಲ್ಲರಿಗೂ ಮುಳುಗದಂತೆ ತೇಲಿಸುವ ಬೆಂಡಿನ ಅಂಗಿ ತೊಡಿಸಿದ. ದಾರಗಳನ್ನು ಒಂದೊಂದಾಗಿ ಎಳೆದು ನೋಡಿದ. "ನಾನು 'ಹಾಕಿ' ಅಂದ್ರೆ ಹುಟ್ಟು ಹಾಕಬೇಕು, 'ನಿಲ್ಸಿ' ಅಂದ್ರೆ ನಿಲ್ಸಬೇಕು, 'ಬಗ್ಗಿ' ಅಂದ್ರೆ ದೋಣಿ ಒಳಕ್ಕೆ ಬಗ್ಗಬೇಕು. ನೀರಿಗೆ ಬಿದ್ರೆ ಎದ್ದು ನಿಲ್ಲೋಕೆ ಹೋಗ್ಬೇಡಿ. ಕಾಲು ಮುಂದೆ ಮಾಡಿ ಅಂಗಾತ ಮಲಗಿ."

ರತ್ನಳ ಬಳಿ ಬಂದಾಗ ಅವನ ಕೈ ನಿಂತಿತು. ಅಂಗಿಯನ್ನು ದೂರದಿಂದಲೇ ಚಾಚಿದ.

"ದಾರ ನೀವೇ ಕಟ್ಕೊಳ್ಳಿ. ನಾನು ಕಟ್ಟಿದ್ರೆ ಅದರಲ್ಲೂ ಏನಾದ್ರೂ ಮೋಸ ಕಾಣಬಹುದು."

"ಕಂಡ್ರೂ ಕಾಣಬಹುದು!" ಎಂದಳು ಅವಳು. ಆದರೆ ಮುಖ ಬಿಸಿಯಾಯಿತು.

ದೋಣಿ ಇಳಿಯಿತು. ಮುಂದೆ ಅಪ್ಪನ ಕೋಲು ಹಿಡಿದು ರತ್ನ, ಹಿಂದೆ ಉದ್ದನೆಯ ಹುಟ್ಟು ಹಿಡಿದು ಕೋದಂಡ, ನಡುವೆ ಆರು ಜನ. ಮೊದಲ ಬಂಡೆ ದಾಟುವಾಗಲೇ ದೋಣಿ ಮುಗ್ಗರಿಸಿ ಎದ್ದಿತು. ತಣ್ಣೀರು ಮುಖಕ್ಕೆ ರಾಚಿತು.

"ಯಾ ಅಲ್ಲಾ!" ಎಂದು ಓಬೇದುಲ್ಲಾ ಕಿರುಚಿದರು. ಟೀಚರ್ ಚಿಕ್ಕ ಹುಡುಗಿಯ ಹಾಗೆ ನಕ್ಕರು. "ಇನ್ನೊಂದ್ಸಲ! ಇನ್ನೊಂದ್ಸಲ!"

"ಹಾಕಿ! ಹಾಕಿ! ನಿಲ್ಸಿ... ಬಗ್ಗಿ!"

ಹುಟ್ಟಿದಾಗಿನಿಂದ ರತ್ನ ಈ ಹಳ್ಳವನ್ನು ದಡದ ಮೇಲಿಂದ ಕಂಡವಳು. ಅದರ ಬೆನ್ನ ಮೇಲೆ ಕುಳಿತು ಹೋಗಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಎರಡನೆಯ ಬಂಡೆ ದಾಟುವಾಗ ತಾನೂ ನಗುತ್ತಿದ್ದೇನೆಂದು ಗೊತ್ತಾಗಿ ತಟ್ಟನೆ ಬಾಯಿ ಮುಚ್ಚಿಕೊಂಡಳು. ಹಿಂದಿರುಗಿ ನೋಡಿದರೆ ಅವನೂ ಅವಳನ್ನೇ ನೋಡುತ್ತಿದ್ದ!

'ಯಾಕೆ ನೋಡುತ್ತಿದ್ದಾನೆ? ನಾನು ಮರೆತು ಸುಮ್ಮನಾಗಲಿ ಎಂದೇ? ಇಲ್ಲ, ನಾನು ಮರೆಯುವವಳಲ್ಲ...'

ಅಷ್ಟರಲ್ಲಿ ಅವಳಿಗೆ ಏನೋ ಕಂಡಿತು. ತಿರುವಿನ ಬಂಡೆಯೊಂದಕ್ಕೆ ಹೊಂಗೆಸೊಪ್ಪಿನ ಹಿಡಿ ಕಟ್ಟಿತ್ತು. ಮುಂದಿನ ತಿರುವಿನಲ್ಲೂ ಒಂದು. ಅದರ ಮುಂದೆ ಇನ್ನೊಂದು.

ಆಮೇಲೆ ಹುಣಸೇಮರ ಬಂತು. ಹಳ್ಳದ ಕಡೆಗೆ ಮುಖ ಮಾಡಿ ನಿಂತಿದ್ದ ಮಡೆಯ ಕಲ್ಲು ಬಂತು. ಕುಂಟೆಯ ಕಟ್ಟೆಯ ಮೇಲಿಂದ ಕಾಣದಿದ್ದ ಆ ಮಗ್ಗುಲಿನಲ್ಲಿ, ಬಾಡಿ ಜೋತುಬಿದ್ದ ಹೊಂಗೆಸೊಪ್ಪು!

ರತ್ನ ಗಕ್ಕನೆ ಹಿಂದಿರುಗಿದಳು.

"ಆ ಸೊಪ್ಪು ಯಾರು ಕಟ್ಟಿದ್ದು?"

"ಏನು?" ಎಂದ ಕೋದಂಡ, ನೀರು ಬಿಟ್ಟು ಅವಳ ಮುಖ ನೋಡುತ್ತಾ.

ಅಷ್ಟೇ ಸಾಕಾಯಿತು. ದೋಣಿ ಎಮ್ಮೆಬಂಡೆಗೆ ಢಿಕ್ಕಿ ಹೊಡೆದು ಗಿರ್ರನೆ ತಿರುಗಿತು. ಹಿಂದೆ ನಿಂತಿದ್ದವನು ಗಾಳಿಗೆ ಹಾರಿ ನೊರೆಯಲ್ಲಿ ಮಾಯವಾದ.

"ಗೈಡ್ ಬಿದ್ದ! ಅರೇ, ಗೈಡೇ ಬಿದ್ಹೋದ!" ಓಬೇದುಲ್ಲಾ ಕೂಗಿಕೊಂಡರು.

ಆ ಒಂದು ಗಳಿಗೆಯಲ್ಲಿ ರತ್ನಳ ತಲೆಯಲ್ಲಿ ಕುಂಟೆಯಿರಲಿಲ್ಲ, ಮಡೆಯಿರಲಿಲ್ಲ. ಅಯ್ಯೋ, ಇವನು ಸಿಗದಿದ್ದರೆ... ಎಂಬ ಭಯವೊಂದೇ ಇತ್ತು.

"ಎಡಗಡೆ ಹಾಕಿ! ಎಲ್ರೂ ಎಡಗಡೆ! ಹುಣಸೇಮರದ ಕೆಳಗೆ ನೀರು ನಿಂತಿರ್ತದೆ, ಅಲ್ಲಿಗೆ!"

ಟೀಚರ್ ಶಾಲೆಯಲ್ಲಿ ಕೂಗುವ ದನಿಯಲ್ಲಿ ಉಳಿದವರನ್ನು ಹುರಿದುಂಬಿಸಿದರು. ಹತ್ತು ಮಾರು ಕೆಳಗೆ ಕಪ್ಪು ತಲೆಯೊಂದು ಮೇಲೆದ್ದಿತು. ಅವನು ಎದ್ದು ನಿಲ್ಲಲು ಒದ್ದಾಡುತ್ತಿದ್ದ!

"ಕಾಲು ಮುಂದೆ ಮಾಡಿ ಮಲಗ್ರೀ! ಊರಿಗೆಲ್ಲ ಹೇಳ್ಕೊಟ್ಟು ನೀವೇ ಮರೆತ್ರಾ?" ಎಂದು ಬೈಯುತ್ತಲೇ ಅವಳು ದೋಣಿಯ ಅಂಚಿಗೆ ಬಾಗಿ ಅಪ್ಪನ ಕೋಲನ್ನು ಚಾಚಿದಳು. "ಹಿಡೀರಿ! ಬಿಡಬೇಡಿ... ಬಿಡಬೇಡಿ!"

ಅವನ ಕೈಗೆ ಕೋಲು ಸಿಕ್ಕಿತು.

ಹುಣಸೇಮರದ ನೆರಳಿನಲ್ಲಿ ಪ್ರಯಾಣಿಕರು ಬಟ್ಟೆ ಹಿಂಡಿಕೊಳ್ಳುತ್ತಿದ್ದರು. ಸ್ವಲ್ಪ ದೂರದಲ್ಲಿ, ಮಡೆಯ ಕಲ್ಲಿನ ಬಳಿ ಕೋದಂಡ ಕೆಮ್ಮುತ್ತಾ ಕುಳಿತಿದ್ದ. ರತ್ನ ಅವನೆದುರು ನಿಂತಳು.

"ಈಗ ಹೇಳಿ. ಸೊಪ್ಪು ಕಟ್ಟಿದ್ಯಾರು?"

"ನಾನೇ. ದೋಣಿ ತಿರುಗೋ ಕಡೆ ಗುರುತು. ಶುಕ್ರವಾರ ಸಾಯಂಕಾಲ ಏಳು ಕಡೆ ಕಟ್ಟಿದೀನಿ. ಯಾಕೆ?"

"ನಮ್ಮ ಕಡೆ ಮಡೆಗೆ ಸೊಪ್ಪು ಕಟ್ಟಿದ್ರೆ ಏನರ್ಥ ಗೊತ್ತಾ? ಇವತ್ತು ಈ ಹೊಲದ ಪಾಳಿ, ಮಡೆ ತೆಗೆದು ನೀರು ಬಿಡು ಅಂತ! ನೀರುಗಂಟಿಯ ಹುಕುಂ ಅದು!"

ಕೋದಂಡನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ನಮ್ಮೂರಲ್ಲಿ ಬಾವಿ ನೀರು... ಇದೆಲ್ಲ ನಂಗೆ ಗೊತ್ತಿಲ್ಲ. ಅಂದ್ರೆ... ಮಡೆ ತೆಗೆದಿದ್ದು ನಿಮ್ಮಪ್ಪ ಅಲ್ವಾ?"

"ನಮ್ಮಪ್ಪನಾ?"

ಅವನು ನಾಲಿಗೆ ಕಚ್ಚಿಕೊಂಡ. ರತ್ನ ಬಿಡಲಿಲ್ಲ. ಕೊನೆಗೆ ಹೇಳಿದ.

"ಶುಕ್ರವಾರ ಹೊತ್ತು ಮುಳುಗೋ ಹೊತ್ತಲ್ಲಿ ಅವರು ಗುದ್ದಲಿ ಊರ್ಕೊಂಡು, ಕುಂಟ್ಕೊಂಡು ಈ ಕಡೆ ಬಂದಿದ್ದನ್ನ ನೋಡ್ದೆ. ಕಾಲು ನೋವಿನ ಮಂಪರಲ್ಲಿ ತೆಗೆದು ಮರೆತಿದ್ದಾರೆ ಅನ್ಕೊಂಡೆ. ಅದನ್ನ ಹೇಳಿದ್ರೆ ಅವರ ಕೋಲು ಹೋಗ್ತದೆ. ನಾನು ಹೇಗಿದ್ರೂ ಬಸ್ ಹತ್ತಿ ಹೋಗೋನು... ಕಳ್ಳ ಅನ್ನಿಸ್ಕೊಂಡ್ರೂ ನಡೀತದೆ."

"ಯಾಕೆ? ನಾವು ನಿಮಗೇನಾಗ್ಬೇಕು?"

ಅವನು ನೀರನ್ನು ನೋಡುತ್ತಾ ಹೇಳಿದ. "ಮೊದಲನೇ ದಿನ ಬಂಡೆ ಮೇಲೆ ನಿಂತು 'ಹೌದು, ನಮ್ಮಪ್ಪಂದೇ ನೀರು' ಅಂದ್ರಲ್ಲ... ಆ ಮಾತು ಸುಳ್ಳಾಗೋದು ಬೇಡ ಅನ್ನಿಸ್ತು."

ಆದರೂ ರತ್ನಳ ಅನುಮಾನದ ಬುದ್ಧಿ ಎಲ್ಲಿ ಹೋಗಬೇಕು? ಮಾತು ಚೆನ್ನಾಗಿದೆ ನಿಜ. ಸಿಕ್ಕಿಬಿದ್ದ ಮೇಲೆ ಹೆಣೆದ ಕಥೆಯಾಗಿದ್ದರೆ? ಮಡೆ ತೆಗೆದ ಕೈ ಯಾರದು, ಅದು ಗೊತ್ತಾಗುವವರೆಗೆ...

ಸಂಜೆ ಮರವಪಲ್ಲಿ ಕಟ್ಟೆಯ ಮೇಲೆ ಪಂಚಾಯ್ತಿ ಕೂತಿತು. ಕದಿರಪ್ಪ ಗಾಡಿಯಲ್ಲಿ ಬಂದಿದ್ದ. ರತ್ನ ಕಂಡದ್ದನ್ನೂ ಕೇಳಿದ್ದನ್ನೂ ಒಂದೂ ಬಿಡದೆ ಹೇಳಿದಳು.

"ನಾನು ಶುಕ್ರವಾರ ಮಡೆ ನೋಡೋಕೆ ಹೋಗಿದ್ದು ನಿಜ," ಎಂದ ಕದಿರಪ್ಪ. "ಕಟ್ಟೆ ಮೇಲಿಂದ್ಲೇ ನೋಡ್ದೆ, ಗಟ್ಟಿಯಾಗೇ ಇತ್ತು. ಮಗಳು ಬೈತಾಳೆ ಅಂತ ಮನೇಲಿ ಹೇಳಿಲ್ಲ."

"ಮತ್ತೆ ತೆಗೆದಿದ್ಯಾರು?" ದೊಡ್ಡಮುನಿಯಪ್ಪ ಸುತ್ತ ನೋಡಿದರು. ರತ್ನಳ ಕಣ್ಣು ಕೋದಂಡನ ಮೇಲಿತ್ತು, ಅವನ ಕಣ್ಣು ನೆಲದ ಮೇಲೆ.

ಅಷ್ಟರಲ್ಲಿ ಮುನಿಶಾಮಿ ಬಂದ. ಕದಿರಮ್ಮನ ತೋಟದಲ್ಲಿ ನಲವತ್ತು ವರ್ಷದಿಂದ ನೀರು ಕಟ್ಟುವ ಮುದುಕ. ಶನಿವಾರ ಕೋಳಿ ಕೂಗುವ ಮೊದಲೇ ಎದ್ದು ಸುಗಟೂರಿನ ಮಗಳ ಮನೆಗೆ ಹೋಗಿದ್ದವನು ಈಗಷ್ಟೇ ಬಸ್ಸಿಳಿದಿದ್ದ.

"ಏಮೈಂದಿ, ಏನಾಯ್ತು? ಯಾಕೆಲ್ಲ ಹಿಂಗೆ ಕೂತಿದೀರಾ?" ಎಂದ. ವಿಷಯ ಕೇಳಿ ಕಣ್ಣರಳಿಸಿದ. "ಮಡೆನಾ? ಅದನ್ನ ತೆಗೆದಿದ್ದು ನಾನೇ ಕಣ್ರಪ್ಪಾ! ಶುಕ್ರವಾರ ಕತ್ಲಾಗೋ ಹೊತ್ತು, ಎತ್ತು ಹೊಡ್ಕೊಂಡು ಬರ್ತಿದ್ದೆ, ಸೊಪ್ಪು ಕಂಡ್ತು. ಕುಂಟೆ ತುಂಬಿದಾಗ ಯಾಕಪ್ಪಾ ಈ ಹುಕುಂ ಅನ್ನಿಸ್ತು. ಆದ್ರೆ ನೀರುಗಂಟಿ ಕಟ್ಟಿದ ಮೇಲೆ ಮುಗೀತು, ಕೇಳೋಕೆ ನಾನ್ಯಾರು? ನಲವತ್ತು ವರ್ಷ ಸೊಪ್ಪು ಕಂಡ್ರೆ ನೀರು ಬಿಟ್ಟಿದೀನಿ, ಈಗ್ಲೂ ಬಿಟ್ಟೆ! ಮುಚ್ಚೋದು ನೀರುಗಂಟಿ ಕೆಲಸ ಅಂತ ಮಗಳ ಮನೆಗೆ ಹೋದೆ."

ಮೊದಲು ನಕ್ಕವಳು ತೋಟ ಕಳೆದುಕೊಂಡ ಕದಿರಮ್ಮನೇ.

ರತ್ನ ಎದ್ದಳು. ಅವಳಿಗೆ ಆ ನಾಲ್ಕು ಹೆಜ್ಜೆ ನಾಲ್ಕು ಮೈಲಿಯಾಯಿತು. ಕೋದಂಡನೆದುರು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಾನು ಊರ ಮುಂದೆ ನಿಮ್ಮನ್ನ ಕಳ್ಳ ಅಂದೆ. ಊರ ಮುಂದೆಯೇ ಹೇಳ್ತೀನಿ, ತಪ್ಪಾಯ್ತು."

ಅವನ ಕಣ್ಣು ತುಂಬಿಬಂತು. ಹಾಳಾದವನು, ಆಗಲೂ ನಕ್ಕ!

ದೊಡ್ಡಮುನಿಯಪ್ಪ ಗಂಟಲು ಸರಿಮಾಡಿಕೊಂಡರು. "ತಿಳೀದೆ ಕಟ್ಟಿದ್ರೂ ಕಟ್ಟಿದ್ದು ಕಟ್ಟಿದ್ದೇ. ಕೋದಂಡರಾಮ ಹನ್ನೆರಡು ದಿನ ಇಲ್ಲೇ ಇದ್ದು ಮಡೆ ಮುಚ್ಚಿ, ಕದಿರಮ್ಮನ ತೋಟಕ್ಕೆ ಮತ್ತೆ ಕಡ್ಡಿ ನೆಡಬೇಕು. ನೀರುಗಂಟಿ ಹೇಳಿದ ಹಾಗೆ ಕೇಳ್ಕೊಂಡಿರಬೇಕು."

"ನೀರುಗಂಟಿ ಅಂದ್ರೆ ಇನ್ಮೇಲೆ ನಾನಲ್ಲ ಗೌಡ್ರೇ," ಎಂದ ಕದಿರಪ್ಪ. "ಈ ಕಾಲು ಇನ್ನು ಏರಿ ಹತ್ತಲ್ಲ. ಕೋಲು ಮಗಳಿಗೆ ಕೊಡ್ತೀನಿ."

"ಹೆಣ್ಣುಮಗಳ ಕೈಗಾ..." ದೊಡ್ಡಮುನಿಯಪ್ಪ ಮೀಸೆ ಹಿಡಿದುಕೊಂಡರು.

"ಯಾಕೆ ಗೌಡ್ರೇ?" ಎಂದರು ಅಖ್ತರ್ ಬಾನು ಟೀಚರ್. "ಆ ಹೆಣ್ಣುಮಗಳ ಕೈಲಿ ಆ ಕೋಲಿಲ್ಲದಿದ್ರೆ ಈ ಗೈಡ್ ಸಾಹೇಬ್ರು ಈಗ ಎಲ್ಲಿರ್ತಿದ್ರೋ!"

ಓಬೇದುಲ್ಲಾ ಜೋರಾಗಿ ತಲೆಯಾಡಿಸಿದರು. ಮುನಿಶಾಮಿ, "ಯಾರು ಕಟ್ಟಿದ್ರೇನು, ಸೊಪ್ಪು ಸೊಪ್ಪೇ," ಎಂದ. ದೊಡ್ಡಮುನಿಯಪ್ಪ ಮೀಸೆ ಬಿಟ್ಟರು. ಕೋಲು ರತ್ನಳದಾಯಿತು.

ಹನ್ನೆರಡು ದಿನ ಹೇಗೆ ಕಳೆದವೋ! ಅವಳು ಹೇಳುವಳು, ಅವನು ಮಾಡುವನು. "ಮಣ್ಣು ಇನ್ನೂ ತುಳೀರಿ" ಎಂದರೆ ತುಳಿದ. "ಕಡ್ಡಿ ಓರೆಯಾಯ್ತು" ಎಂದರೆ ಕಿತ್ತು ಮತ್ತೆ ನೆಟ್ಟ. ಮಧ್ಯಾಹ್ನ ಬದುವಿನ ಮೇಲೆ ಕುಳಿತು ಮುದ್ದೆ ಉಣ್ಣುವಾಗ ತಾನು ಕಂಡ ನದಿಗಳ ಕಥೆ ಹೇಳಿದ. 'ಇಷ್ಟೊಂದು ವಿಧೇಯತೆ ಯಾಕೆ? ಒಳಗೆ ಏನಿದೆ?' ಎಂದು ಅವಳಿಗೆ ಅನುಮಾನ ಬರುತ್ತಲೇ ಇತ್ತು. ಆ ಅನುಮಾನ ಈಗ ಯಾಕೋ ಸಿಹಿಯಾಗಿತ್ತು. ಕೊನೆಯ ದಿನ ಅವನು ದೋಣಿಯ ಗಾಳಿ ಬಿಟ್ಟು ಮಡಚಿದಾಗ ಮಾತ್ರ ಅವಳಿಗೆ ಅಳು ಬಂತು. ಆದರೆ ತೋರಿಸಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ನೀರು ಚಿಮುಕಿಸಲು ಚೊಂಬು ಹಿಡಿದು ಬಾಗಿಲು ತೆಗೆದವಳು ಅಲ್ಲೇ ನಿಂತುಬಿಟ್ಟಳು.

ಬಾಗಿಲುವಾಡಕ್ಕೆ ಹಸಿ ಹೊಂಗೆಸೊಪ್ಪು ಕಟ್ಟಿತ್ತು!

ಬೀದಿಯ ಆಚೆ, ಮಡಚಿದ ದೋಣಿಯ ಮೇಲೆ ಕೋದಂಡ ಕುಳಿತಿದ್ದ. ರಾತ್ರಿ ನಿದ್ದೆ ಮಾಡಿದವನಂತೆ ಕಾಣಲಿಲ್ಲ.

"ಇದೇನಿದು?" ಎಂದಳು.

"ಈ ಸಲ ಅರ್ಥ ತಿಳ್ಕೊಂಡೇ ಕಟ್ಟಿದೀನಿ, ನನ್ನ ಪಾಳಿ ಬಂತು, ಬಾಗಿಲು ತೆಗಿ ಅಂತ." ಅವನು ಎದ್ದು ನಿಂತ. "ನಾನು ಎಷ್ಟೋ ನೀರಲ್ಲಿ ತೇಲ್ಕೊಂಡು ಹೋದೋನು ರತ್ನಾ. ಎಲ್ಲೂ ನಿಲ್ಲಬೇಕು ಅನ್ನಿಸಿರ್ಲಿಲ್ಲ. ಇಲ್ಲಿ ಅನ್ನಿಸ್ತಿದೆ. ಬೇಡ ಅಂದ್ರೆ ಸೊಪ್ಪು ಬಿಚ್ಚಿಬಿಡು. ಒಂಬತ್ತರ ಬಸ್ಸಿಗೆ ಹೋಗ್ತೀನಿ. ಒಂದು ಮಾತೂ ಕೇಳಲ್ಲ."

ರತ್ನ ಅವನನ್ನೇ ದಿಟ್ಟಿಸಿದಳು. ಚೊಂಬು ಕೆಳಗಿಟ್ಟಳು. ಕೈ ಎತ್ತಿ, ಗಂಟು ಸಡಿಲಿಸಿ, ಸೊಪ್ಪನ್ನು ಬಿಚ್ಚಿದಳು.

ಕೋದಂಡ ತಲೆ ತಗ್ಗಿಸಿದ. ಬಗ್ಗಿ ದೋಣಿಯ ಹಗ್ಗ ಹಿಡಿದುಕೊಂಡ.

"ಎಲ್ಲಿಗೆ ಹೊರಟ್ರಿ?"

"ಬಸ್ಸಿಗೆ..."

"ಹನ್ನೆರಡು ದಿನ ಹೇಳ್ಕೊಟ್ರೂ ನಿಮಗೆ ಬುದ್ಧಿ ಬರ್ಲಿಲ್ವಾ? ಈ ಊರಲ್ಲಿ ಸೊಪ್ಪು ಕಟ್ಟೋ ಹಕ್ಕು ಯಾರಿಗಿದೆ?"

"ನೀರುಗಂಟಿಗೆ."

"ಯಾರು ನೀರುಗಂಟಿ?"

"ನೀನು," ಎಂದ ಅವನು ಮೆಲ್ಲನೆ.

ರತ್ನ ಹಿಂದಿರುಗಿ, ತುದಿಗಾಲಲ್ಲಿ ನಿಂತು, ಆ ಸೊಪ್ಪನ್ನು ಅದೇ ಬಾಗಿಲುವಾಡಕ್ಕೆ ತನ್ನ ಕೈಯಾರೆ ಕಟ್ಟಿದಳು. ಗಂಟು ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದಳು.

"ಈಗ ಸರಿಯಾಯ್ತು," ಎಂದಳು ಅವನ ಕಡೆ ತಿರುಗದೆ. "ಒಳಗೆ ಬಾ. ಅಪ್ಪ ಎದ್ದಿದ್ದಾರೆ."